ಟೋಪಿಯಿಂದ ಬಂದ ಸಾಲು

ಕುದುರೆ ಹಲಗೆಯ ಮೂಲೆಯಲ್ಲಿ ನಿಂತದ್ದನ್ನು ನೋಡಿ ವಿಲ್ಮೋಶ್‌ಗೆ ಹಲ್ಲು ಜುಮ್ಮೆಂದಿತು.

"ಅದು ಆನೆ ಜಾಗ," ಎಂದ.

"ಇವತ್ತು ಯಾವ ಜಾಗಾನೂ ಯಾರಪ್ಪಂದೂ ಅಲ್ಲ, ಮೇಷ್ಟ್ರೇ." ಎತೆಲ್ಕಾ ತನ್ನ ರಬ್ಬರ್ ಟೋಪಿಯೊಳಗೆ ಮತ್ತೆ ಕೈಹಾಕಿದಳು.

ಬುಡಾಪೆಸ್ಟಿನ ಆ ಬಿಸಿನೀರಿನ ಕೊಳದಲ್ಲಿ ಎದೆಮಟ್ಟ ಮುಳುಗಿ, ತಲೆಯ ಮೇಲೆ ಹಿಮ ಬೀಳಿಸಿಕೊಳ್ಳುತ್ತ, ಹನ್ನೊಂದು ವರ್ಷದಿಂದ ಇಬ್ಬರೂ ಶನಿವಾರ ಬೆಳಿಗ್ಗೆ ಚದುರಂಗ ಆಡುತ್ತಿದ್ದರು. ಅವಳು ಟ್ರಾಮ್ ಓಡಿಸಿ ನಿವೃತ್ತಳಾದವಳು. ಅವನು ಗಣಿತದ ಮೇಷ್ಟ್ರು. ಆಟದ ಆರಂಭದ ನಡೆಗಳ ಮೇಲೆ ನಾನೂರು ಪುಟ ಬರೆದವನು. ಅವಳು ಒಮ್ಮೆಯೂ ಗೆದ್ದಿರಲಿಲ್ಲ. ಅವಳು ಯೋಚಿಸಲು ಶುರುಮಾಡುವ ಹೊತ್ತಿಗೆ ಅವನು ಪುಸ್ತಕದ ಇಪ್ಪತ್ತನೆಯ ನಡೆ ಮುಗಿಸಿರುತ್ತಿದ್ದ.

ಇವತ್ತಿನ ಕರಾರು ಬೇರೆ. ಕಾಲಾಳುಗಳ ಹಿಂದಿನ ಸಾಲನ್ನು ಟೋಪಿಯಿಂದ ಎತ್ತಿ ಎತ್ತಿ ನಿಲ್ಲಿಸಬೇಕು. ಒಂಟೆಗಳೆರಡೂ ಬೇರೆ ಬೇರೆ ಬಣ್ಣದ ಮನೆಯಲ್ಲಿರಬೇಕು, ರಾಜ ಆನೆಗಳ ನಡುವೆ ಇರಬೇಕು, ಅಷ್ಟೆ. ಎದುರಾಳಿಗೂ ಅದೇ ಸಾಲು.

"ನಾನು ಗೆದ್ರೆ ನಾಳೆ ನಮ್ಮನೇಲಿ ಊಟ. ಮೀನಿನ ಸಾರು."

ಆರು ವರ್ಷದಿಂದ ಕರೆಯುತ್ತಿದ್ದಳು. ಪ್ರತಿ ಸಲವೂ ಅವನಿಗೆ ಏನೋ ಕೆಲಸ.

"ಹಳೇ ಸಾಲಿಗೆ ಒಂದು ಲಯ ಇದೆ," ಎಂದ ವಿಲ್ಮೋಶ್. "ನೂರಾರು ವರ್ಷ ಜನ ಯೋಚನೆ ಮಾಡಿದಾರೆ."

"ಜನ ಮಾಡಿದಾರೆ. ನೀವು?"

ಪಕ್ಕದಲ್ಲಿ ಹೊಟ್ಟೆ ತೇಲಿಸಿಕೊಂಡಿದ್ದ ಗಡಿಯಾರ ರಿಪೇರಿಯ ದೆಝೋ ನೀರು ಚಿಮ್ಮುವಂತೆ ನಕ್ಕ.

"ನಿಮ್ಮ ಹಳೇ ಆಟ ಹಳಿ ಮೇಲಿನ ಟ್ರಾಮು, ಮೇಷ್ಟ್ರೇ," ಎಂದಳು ಎತೆಲ್ಕಾ. "ಮೂವತ್ತು ವರ್ಷ ಓಡ್ಸಿದೀನಿ. ಯಾರು ಕೂತ್ರೂ ಅವೇ ನಿಲ್ದಾಣ."

ಬಿಳಿ ಕಾಯಿ ಅವನದು. ಮೊದಲ ನಡೆಗೆ ಹದಿನೇಳು ನಿಮಿಷ ಹಿಡಿಯಿತು. ಮಂತ್ರಿ ಇನ್ನೊಂದು ಮೂಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನಂತಿತ್ತು. ಒಂಟೆಗಳು ಅಕ್ಕಪಕ್ಕ ನಿಂತು ಪಿಸುಗುಡುವಂತಿದ್ದವು. ಎಲ್ಲವೂ ಪರಿಚಿತ ಮುಖಗಳೇ. ಯಾವುದೂ ಅವನನ್ನು ಗುರುತು ಹಿಡಿಯಲಿಲ್ಲ.

"ಮೇಷ್ಟ್ರು ಬೆಂದ್ರು, ಉಪ್ಪು ಹಾಕಿ," ಎಂದ ದೆಝೋ.

ಆಡಿದ. ಏಳನೆಯ ನಡೆಯಲ್ಲಿ ಕುದುರೆಯನ್ನು ಕಳೆದುಕೊಂಡ. ಹನ್ನೆರಡನೆಯದರಲ್ಲಿ ತಾನಾಗಿಯೇ ಏನೋ ಹೊಳೆದು, ಒಂಟೆಯನ್ನು ಕೊಟ್ಟು ಆನೆಗೆ ದಾರಿ ಬಿಡಿಸಿದ. ಅದು ಯಾವ ಪುಟದಲ್ಲೂ ಇರಲಿಲ್ಲ. ತಪ್ಪು ನಡೆಯೇ. ಆದರೂ ಎದೆಯಲ್ಲಿ ಪುಳಕವೆದ್ದಿತು, ಬಾಯಿಬಿಟ್ಟು ನಕ್ಕ. ಹತ್ತೊಂಬತ್ತನೆಯ ನಡೆಗೆ ಅವನ ರಾಜ ಸತ್ತ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ.

"ಸೋತು ಇಷ್ಟು ಖುಷಿಯಾಗಿರೋರನ್ನ ನೋಡೇ ಇಲ್ಲ ನಾನು," ಎಂದಳು ಎತೆಲ್ಕಾ. "ನಿಮ್ಮನ್ನ ಗೆದ್ದಾಗ್ಲೂ ಹೀಗೆ ನೋಡಿಲ್ಲ."

ಅವನು ನಗುತ್ತಲೇ ಇದ್ದ. ಹನ್ನೊಂದು ವರ್ಷದಲ್ಲಿ ಗೆದ್ದ ಆಟಗಳಲ್ಲಿ ಒಂದನ್ನಾದರೂ ನೆನೆಯಲು ನೋಡಿದ. ಒಂದೂ ಬರಲಿಲ್ಲ. ಈಗ ಸೋತದ್ದು ಮಾತ್ರ ಪ್ರತಿ ನಡೆಯೂ ಕಣ್ಣಿಗೆ ಕಟ್ಟಿದಂತಿತ್ತು.

"ಊಟ ಎಷ್ಟೊತ್ತಿಗೆ?" ಎಂದು ಕೇಳಬೇಕೆಂದುಕೊಂಡ. "ಇನ್ನೊಂದು ಆಟ," ಎಂದ.

"ಇದನ್ನ ನೀವು ಗೆದ್ರೆ ಊಟ ಮಾಫಿ. ಆಯ್ತಾ?" ಎಂದಳು ಎತೆಲ್ಕಾ.

"ಆಯ್ತು."

ದೆಝೋ ಟೋಪಿ ಹಿಡಿದ. ಈ ಸಲ ವಿಲ್ಮೋಶನೇ ಎತ್ತಿ ಎಡದಿಂದ ನಿಲ್ಲಿಸುತ್ತ ಹೋದ. ಆನೆ. ಕುದುರೆ. ಒಂಟೆ.

"ಅರೆ," ಎಂದ ದೆಝೋ.

ಮಂತ್ರಿ. ರಾಜ. ಸುತ್ತಲಿನವರು ಹತ್ತಿರ ಸರಿದರು. ಒಂಟೆ. ಟೋಪಿಯಲ್ಲಿ ಇನ್ನೆರಡೇ ಉಳಿದಿದ್ದವು. ಬೆರಳಿಗೆ ಸಿಕ್ಕದ್ದು ಕುದುರೆ. ಕೊನೆಗೆ ಆನೆ.

ಕೊಳದ ತುಂಬ ನಗೆ ಎದ್ದಿತು. "ಒಂಬೈನೂರ ಅರವತ್ತು ಬಗೆ ಸಾಲಲ್ಲಿ ಒಂದೇ ಒಂದು ಹಳೇದು, ಅದೇ ಬಂತಲ್ರೀ! ಲಾಟರಿ ತಗೊಳ್ಳಿ ಮೇಷ್ಟ್ರೇ!"

"ಬಂದದ್ದು ಬಂತು," ಎಂದಳು ಎತೆಲ್ಕಾ. ಅವಳೂ ನಗುತ್ತಿದ್ದಳು, ಸ್ವಲ್ಪ ಕಡಿಮೆ. "ನಿಮ್ಮನೆಗೇ ಬಂದ್ರಿ. ಆಡಿ."

ವಿಲ್ಮೋಶ್ ಕೈ ಚಾಚಿದ. ನಲವತ್ತು ವರ್ಷ ಅದೇ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದ ಕೈ. ಅರ್ಧದಲ್ಲಿ ನಿಂತಿತು. ಯಾಕೆ ಅದನ್ನೇ? ತಿಳಿಯಲಿಲ್ಲ. ಪಕ್ಕದ್ದನ್ನು ಯಾಕಲ್ಲ? ಅದೂ ತಿಳಿಯಲಿಲ್ಲ. ಮೂವತ್ತೆರಡು ಕಾಯಿಗಳು ತಮ್ಮ ತಮ್ಮ ಮನೆಗಳಲ್ಲಿ, ಬಾಗಿಲು ಹಾಕಿಕೊಂಡವರಂತೆ, ನೆಟ್ಟಗೆ ನಿಂತಿದ್ದವು.

"ಆಡ್ರೀ," ಎಂದರು ಯಾರೋ.

ನೀರಿನಲ್ಲಿ ನೆನೆದು ಬಿಳಿಚಿಕೊಂಡು, ಗೆರೆಗಳೆಲ್ಲ ಕಲೆಸಿಹೋದ ಐದು ಬೆರಳುಗಳು ಹಲಗೆಯ ಮೇಲೆ ಆವಿಯೊಳಗೆ ತೂಗುತ್ತಿದ್ದವು. ನಿಂತಲ್ಲೇ ತಣ್ಣಗಾದ ಅವುಗಳ ಮೇಲೆ ಹಿಮ ಬೀಳುತ್ತಿತ್ತು, ಕರಗುತ್ತಿರಲಿಲ್ಲ.