ಏಳೂವರೆ ಸಾವಿರದ ಲಾರಿ

ಚೌಕಾಸಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಹೂವಿನವಳು ನನ್ನನ್ನು ಕಂಡರೆ ಮೊಳ ಹಾಕುವ ಮೊದಲೇ ನಿಟ್ಟುಸಿರು ಬಿಡುತ್ತಿದ್ದಳು. ಹಾಗಾಗಿ ನನ್ನ ಗಂಡ ಶ್ರೀಕರನಿಗೆ ನಾಗಮಂಗಲದ ಹೈಸ್ಕೂಲಿಗೆ ವರ್ಗವಾಗಿ, ಮನೆ ಸಾಗಿಸಲು ಕಂಪನಿ ಗೊತ್ತುಮಾಡಬೇಕಾದಾಗ, "ಅದು ಪ್ರಜ್ಞಾಳ ಇಲಾಖೆ" ಎಂದು ಎಲ್ಲರೂ ಕೈತೊಳೆದುಕೊಂಡರು. ನನಗೂ ಒಳಗೊಳಗೇ ಹಿಗ್ಗು. ಆ ಹಿಗ್ಗೇ ನನ್ನ ಮಾವನ ಪ್ರಾಣಕ್ಕೆ ಸಂಚಕಾರ ತಂದಿತ್ತು ಎಂಬುದನ್ನು ಈಗ ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಮೂರು ಕಂಪನಿಗೆ ಫೋನು ಮಾಡಿದೆ. ಮೊದಲನೆಯವನು ಹದಿನೆಂಟು ಸಾವಿರ ಎಂದ, ಎರಡನೆಯವನು ಹದಿನಾರು. "ಅರವತ್ತು ಕಿಲೋಮೀಟರಿಗೆ ಹದಿನಾರು ಸಾವಿರವೇ? ಮನೆ ಸಾಗಿಸ್ತೀರೋ, ಹೊಸದಾಗಿ ಕಟ್ಟಿಕೊಡ್ತೀರೋ?" ಎಂದು ಕೇಳಿದೆ. ನಾಲ್ಕು ಆಳು, ರಟ್ಟಿನ ಪೆಟ್ಟಿಗೆ, ಮಹಡಿ ಮೆಟ್ಟಿಲು, ಕಬ್ಬಿಣದ ಬೀರು, ಮೇಲಾಗಿ ಅದು ಗೃಹಪ್ರವೇಶಗಳ ದಿನ, ಲಾರಿಯೇ ಸಿಗುವುದಿಲ್ಲ ಎಂದು ಅವನು ವಿವರಿಸಿದ. ನಾನು ನಡುವೆಯೇ ಫೋನಿಟ್ಟೆ. ಮೂರನೆಯವನ ಹೆಸರು ದಿಲೀಪ್. ಮೊದಲು ಅವನೂ ಹದಿನಾರೇ ಎಂದ. ಅರ್ಧ ಗಂಟೆ ಜಗ್ಗಾಡಿದ ಮೇಲೆ, "ಶೇರಿಂಗ್ ಅಂತ ಒಂದಿದೆ ಮೇಡಂ. ಇನ್ನೊಂದು ಮನೆ ಸಾಮಾನಿನ ಜೊತೆ ನಿಮ್ಮದೂ ಬರುತ್ತೆ. ಏಳೂವರೆ ಸಾವಿರ ಕೊಡಿ" ಎಂದ.

ನಾನು ಮನೆಯಲ್ಲಿ ಏಳೂವರೆ ಸಾವಿರವನ್ನು ಮಾತ್ರ ಹೇಳಿದೆ. ಇನ್ನೊಂದು ಮನೆಯ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಅತ್ತೆ "ಯಾರ ಸಾಮಾನೋ ಏನೋ, ಮಡಿ ಮೈಲಿಗೆ" ಎಂದು ಶುರುಮಾಡುತ್ತಿದ್ದರು. "ಹದಿನಾರು ಹೇಳಿದವನನ್ನು ಏಳೂವರೆಗೆ ತಂದಳು ನಮ್ಮ ಸೊಸೆ" ಎಂದು ಅವರು ಬೀದಿಯಲ್ಲಿ ನಾಲ್ಕು ಮನೆಗೆ ಹೇಳಿಕೊಂಡು ಬಂದರು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಹೊರಡುವ ದಿನ ಬೆಳಗಿನ ಐದಕ್ಕೆಲ್ಲ ಲಾರಿ ಬಂತು. ಡ್ರೈವರ್ ಚಿಕ್ಕಸ್ವಾಮಿಯ ಕೈಯಲ್ಲಿ ಒಂದು ಪಟ್ಟಿ. ಪ್ರತಿ ಪೆಟ್ಟಿಗೆಗೂ ಒಂದು ನಂಬರು, ಒಳಗಿರುವುದರ ಬೆಲೆ. ಒಡೆದರೆ ಕಂಪನಿ ತುಂಬಿಕೊಡಲು ಆ ಬೆಲೆ ಬೇಕಂತೆ. ನಲವತ್ತೆರಡು ಗಂಟುಗಳಾದ ಮೇಲೆ ಅವನು ಜಗಲಿಯ ಮೇಲಿದ್ದ ದೇವರ ಪೆಟ್ಟಿಗೆಯನ್ನು ತೋರಿಸಿದ. "ಇದ್ಕೇನ್ ಬೆಲೆ ಬರ್ಕೊಳ್ಳಾನ ಅಕ್ಕ?"

ಅತ್ತೆ ಇಂದಿರಮ್ಮನಿಗೆ ಸಿಟ್ಟು ಬಂತು. "ದೇವರಿಗೆ ಬೆಲೆ ಕಟ್ತಾರೇನಪ್ಪಾ? ಅದು ಪಟ್ಟಿಗೆ ಸೇರೋದಲ್ಲ. ನಮ್ಮ ಜೊತೆ ಬರುತ್ತೆ."

ಐದು ಸಾಲಿಗ್ರಾಮ, ಒಂದು ಬಾಣಲಿಂಗ, ಒಂದು ಹಿತ್ತಾಳೆ ಗಂಟೆ. ಬಿಳಿ ಪಂಚೆಯಲ್ಲಿ ಸುತ್ತಿದ ತೇಗದ ಪೆಟ್ಟಿಗೆ ಅದು. ಮಾವ ಶ್ರೀಕಂಠಯ್ಯನವರು ಊರಿನ ದೇವಸ್ಥಾನವೊಂದರಲ್ಲಿ ಅರ್ಚಕರಾಗಿದ್ದವರು. ಈ ಪೆಟ್ಟಿಗೆಯನ್ನು ಪೂಜಿಸದೆ ಅವರು ನಲವತ್ತಾರು ವರ್ಷದಲ್ಲಿ ಒಂದು ದಿನವೂ ಬಾಯಿಗೆ ಅಗುಳು ಹಾಕಿದವರಲ್ಲ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಪೂಜೆ ಮುಗಿಯುವ ಹೊತ್ತಿಗೆ ಹೊಟ್ಟೆಗೆ ಇನ್ಸುಲಿನ್ ಚುಚ್ಚುವುದು ನನ್ನ ಕೆಲಸ, ಅರ್ಧ ಗಂಟೆಯೊಳಗೆ ತಿಂಡಿ ಬಡಿಸುವುದು ಅತ್ತೆಯ ಕೆಲಸ.

ಅಂದು ಪೂಜೆ ಹೊಸ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಅತ್ತೆ ಮತ್ತು ಶ್ರೀಕರ ಬಸ್ಸಿನಲ್ಲಿ ಹೊರಟರು. ಮಾವ ಮತ್ತು ನಾನು ಇಬ್ಬರಿಗೆ ಮಾತ್ರ ಜಾಗವಿದ್ದ ಪಕ್ಕದ ಮನೆಯವರ ಕಾರಿನಲ್ಲಿ ಅವರಿಗಿಂತ ಮುಂಚೆ ತಲುಪಿದೆವು. ನಮ್ಮನ್ನು ಇಳಿಸಿ ಕಾರು ಮುಂದಕ್ಕೆ ಹೋಯಿತು. ಎಂಟೂವರೆಗೆ ಬಾಗಿಲು ತೆರೆದು, ನಡುಮನೆಯಲ್ಲಿ ಮಾವನನ್ನು ಚಾಪೆಯ ಮೇಲೆ ಕೂರಿಸಿ, ಅತ್ತೆ ದೇವರ ಪೆಟ್ಟಿಗೆ ಹಿಡಿದು ಇನ್ನೇನು ಬಂದರು, ಪೂಜೆಗೆ ಎಷ್ಟು ಹೊತ್ತು ಎಂದುಕೊಂಡು ಸೂಜಿ ಚುಚ್ಚಿಬಿಟ್ಟೆ.

ಹತ್ತೇ ನಿಮಿಷಕ್ಕೆ ಅತ್ತೆ ಬಂದರು. ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದರಲ್ಲಿ ತಿಂಡಿಯ ಡಬ್ಬಿ.

"ಪೆಟ್ಟಿಗೆ ಎಲ್ಲಿ ಅತ್ತೆ?"

"ನನ್ನ ಕೇಳ್ತೀಯಲ್ಲೇ? ಬಸ್ಸಲ್ಲಿ ನೂಕುನುಗ್ಗಲು, ಕಾರಲ್ಲಾದರೆ ಸುರಕ್ಷಿತ ಅಂತ ನಿಮಗೇ ಬಿಟ್ಟೆ."

"ಯಾವಾಗಲೂ ನಿನ್ನ ಮಡಿಲಲ್ಲೇ ಅಲ್ವೇ ಬರೋದು?" ಎಂದು ಮಾವ ಮೆಲ್ಲಗೆ ಅಂದರು.

ಜಗಲಿಯ ಮೇಲಿನ ಪೆಟ್ಟಿಗೆಯನ್ನು ಲಾರಿಯವರೇ ಎತ್ತಿಕೊಂಡಿರಬೇಕು. ಮಾವನ ಹೊಟ್ಟೆಯೊಳಗೆ ಔಷಧಿ ಹೋಗಿಯಾಗಿದೆ. ಅದನ್ನು ವಾಪಸು ತೆಗೆಯುವ ಸೂಜಿ ಯಾರ ಬಳಿಯೂ ಇಲ್ಲ.

ಚಿಕ್ಕಸ್ವಾಮಿಗೆ ಫೋನು ಮಾಡಿದೆ.

"ನಂಬ್ರು ಏಳಿ ಅಕ್ಕ."

"ನಂಬರಿಲ್ಲ ಕಣಪ್ಪ."

"ನಂಬ್ರಿಲ್ದಿದ್ರೆ ನಮ್ ಲಾರೀಲಿರಾಕಿಲ್ಲ."

"ಬಿಳೀ ಪಂಚೆ ಸುತ್ತಿದೆ. ಚಿಕ್ಕದು."

"ಓ, ಅದಾ! ದ್ಯಾವ್ರುದು ಅಂತ ಒಳಗಡೆ, ಕ್ಯಾಬಿನ್ ಗ್ವಾಡೆಗ್ ಆನ್ಸಿ ಭದ್ರವಾಗ್ ಮಡ್ಗಿವ್ನಿ. ಈಗ ತೆಗ್ಯಕ್ಕಾಗಾಕಿಲ್ಲ. ಪಾಂಡವಪುರದಲ್ಲಿ ಇನ್ನೊಂದ್ ಮನೆ ಸಾಮಾನು ಅದ್ರ ಮುಂದಕ್ಕೆ ತುಂಬಾಗದೆ. ಕೆ.ಆರ್.ಪೇಟೆ ಮೇಲೆ ಕಿಕ್ಕೇರಿಗೆ ಓಗಿ ಅದ್ನ ಇಳ್ಸಿ, ಅಲ್ಲಿಂದ ನಿಮ್ತಾವ್ಕೆ ಬತ್ತೀನಿ. ಮದ್ಯಾನ ಒಂದು ಗಂಟೆ, ಒಂದೂವರೆ ಆಯ್ತದೆ."

ಶ್ರೀಕರ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. "ಇನ್ನೊಂದು ಮನೆ ಸಾಮಾನು ಅಂದರೆ?" ನಾನು ಕಂಪನಿಯ ನಂಬರು ಹುಡುಕತೊಡಗಿದೆ.

ಆಫೀಸಿಗೆ ಫೋನು ಮಾಡಿದೆ. ದಿಲೀಪ್ ತಣ್ಣಗೆ ಹೇಳಿದ. "ನಿಮ್ಮದು ಶೇರಿಂಗ್ ಮೇಡಂ. ಶೇರಿಂಗ್ ಅಂದ್ರೆ ಕಾಯಬೇಕು. ಕಡಿಮೆ ರೇಟು ಸುಮ್ಮನೆ ಬರುತ್ತಾ? ನಾನು ಅವತ್ತೇ ಹೇಳಿದ್ದೆ."

ಹೇಳಿದ್ದ, ನಿಜ. ಅವನನ್ನು ಬೈಯಲೂ ನನಗೆ ದಾರಿ ಇರಲಿಲ್ಲ.

ಒಂಬತ್ತಕ್ಕೆ ಮಾವನ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. ಶ್ರೀಕರ ಗುರುತಿಲ್ಲದ ಊರಿನಲ್ಲಿ ಓಡಿಹೋಗಿ ಗ್ಲೂಕೋಸ್ ಪೊಟ್ಟಣ ತಂದ. ಲೋಟದಲ್ಲಿ ಕಲಸಿ ಬಾಯಿಯ ಹತ್ತಿರ ಹಿಡಿದರೆ ಮಾವ ಮುಖ ಆ ಕಡೆ ತಿರುಗಿಸಿದರು.

"ಇದು ಔಷಧಿ ಅಪ್ಪ, ಊಟವಲ್ಲ."

"ಸಿಹಿಯಾಗಿದೆಯಲ್ಲೋ."

"ಅಡಿಕೆ ಇಟ್ಟು ಪೂಜೆ ಮಾಡಿಬಿಡಿ. ಶಾಸ್ತ್ರದಲ್ಲಿ ಇದೆ ಅಂತ ನೀವೇ ಹೇಳ್ತಿದ್ದಿರಿ."

"ದೇವರಿಲ್ಲದ ಮನೆಗೆ ಅಡಿಕೆ. ನನ್ನ ದೇವರು ಯಾವುದೋ ಬೀರುವಿನ ಹಿಂದೆ ಬಿದ್ದಿರೋವಾಗ, ನಾನಿಲ್ಲಿ ಅಡಿಕೆಗೆ ಅನ್ನ ಬಡಿಸಿಕೊಂಡು ಕೂರಲೇ?"

ನನಗೆ ಭಯಕ್ಕಿಂತ ಕೋಪವೇ ಹೆಚ್ಚಾಯಿತು. ಇಂಥ ಹಟ ಯಾವ ದೇವರಿಗೆ ಬೇಕು! ಆದರೆ ಅವರ ಬೆರಳು ಚಾಪೆಯ ಅಂಚಿನಲ್ಲಿ ನಡುಗುತ್ತಿದ್ದುದನ್ನು ಕಂಡ ಮೇಲೆ ಕೋಪ ಇಳಿದು ಬರೀ ಭಯ ಉಳಿಯಿತು. ಹೊರಗೆ ಹೋಗಿ ಮತ್ತೆ ಚಿಕ್ಕಸ್ವಾಮಿಗೆ ಫೋನು ಹಚ್ಚಿದೆ. ಅವನು ಹಲೋ ಎನ್ನುತ್ತಲೇ ಅಳು ಬಂತು. ಆ ಕಡೆಯಿಂದ ಒಂದು ಹೆಂಗಸಿನ ದನಿ ಕೇಳಿಸಿತು. "ಯಾರ್ಲಾ ಅದು ಅಳ್ತಿರೋದು? ಕೊಡಿಲ್ಲಿ ಪೋನ. ಯಾಕವ್ವ, ಏನಾಯ್ತು?"

ಅವರು ಆ ಇನ್ನೊಂದು ಮನೆಯವರು, ದೊಡ್ಡತಾಯಮ್ಮ. ತಮ್ಮ ಸಾಮಾನನ್ನು ಕಂಪನಿಯವರ ಮೇಲೆ ಬಿಡಲು ಮನಸ್ಸಿಲ್ಲದೆ ಲಾರಿಯಲ್ಲೇ ಕೂತು ಹೊರಟಿದ್ದರು. ನಾನು ಎಲ್ಲವನ್ನೂ ಒದರಿದೆ.

"ಸಕ್ರೆ ಸೂಜಿ ಆಕುಸ್ಕಂಡು ಬರೀ ಒಟ್ಟೇಲ್ ಕೂತವ್ರಾ?" ಎಂದರು. "ನಮ್ಮೆಜಮಾನ್ರೂ ಇಂಗೇ ಕಣವ್ವ. ಗದ್ದೆ ತಾವ ಬೆವ್ತು ಬೆವ್ತು ಓಗ್ಬುಟ್ರು. ಒಂದ್ ಚೂರ್ ಬೆಲ್ಲ ಕೊಡೋರಿರ್ನಿಲ್ಲ." ಆಮೇಲೆ ಡ್ರೈವರಿಗೆ ಹೇಳಿದ್ದು ಕೇಳಿಸಿತು. "ತಿರುಗ್ಸಲಾ ಗಾಡಿಯ, ನಾಗಮಂಗ್ಲಕ್ಕೆ."

"ಅಮ್ಮೋ, ನಿಮ್ ಒಸ ಮನೇಲಿ ಆಲುಕ್ಸೋ ಟೇಮು ಅನ್ನೊಂದು ಗಂಟೆಗಲ್ವಾ? ಕಿಕ್ಕೇರಿ ತಪ್ಪೋಯ್ತದೆ."

"ಲಾರಿ ಯಾರ್ದು? ನಂದು ತಾನೆ? ನಾನ್ ಏಳ್ದ ಕಡೆ ಓಡ್ಸು."

ಲಾರಿ ನಂದು ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬರುತ್ತಿದ್ದಾರೆ ಎನ್ನುವುದಷ್ಟೇ ನನಗೆ ಬೇಕಿತ್ತು.

ಆ ಒಂದು ಗಂಟೆಯನ್ನು ಹೇಗೆ ಕಳೆದೆವೋ. ಅತ್ತೆ ಗಂಡನ ಅಂಗಾಲು ಉಜ್ಜುತ್ತಾ ಕೂತರು. ಮಾವ ಒಮ್ಮೆ ನನ್ನನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆದರು. ಶ್ರೀಕರ ಆಂಬುಲೆನ್ಸಿಗೆ ಹೇಳಿದ. ಅದು ಬೇರೆ ಕಡೆ ಹೋಗಿದೆ, ಬರಲು ಹೊತ್ತಾಗುತ್ತದೆ ಎಂದರು. ಹತ್ತು ಹೊಡೆದರೆ ಪಾಪವೋ ಪುಣ್ಯವೋ, ಬಾಯಿ ಬಿಡಿಸಿ ಸುರಿದುಬಿಡುತ್ತೇನೆ ಎಂದು ನಾನು ಲೋಟ ಹಿಡಿದೇ ಕೂತಿದ್ದೆ. ಆಗಲೂ ಇದಕ್ಕೆಲ್ಲ ಕಾರಣ ನಾನು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬರಲಿಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ಬೀದಿಯಲ್ಲಿ ಲಾರಿ ನಿಂತಿತು. ಆಳುಗಳು ಹಿಂಬಾಗಿಲು ತೆಗೆದು ದೊಡ್ಡತಾಯಮ್ಮನ ಸಾಮಾನನ್ನು ರಸ್ತೆಗೆ ಇಳಿಸತೊಡಗಿದರು. ರಾಗಿ ಮೂಟೆ, ಹಾಲಿನ ಕ್ಯಾನು, ಹೊಲಿಗೆ ಯಂತ್ರ, ಹಳೇ ಬೀಟೆ ಮಂಚ. ಅವರು ಅದ್ಯಾವುದನ್ನೂ ತಿರುಗಿ ನೋಡದೆ ಚಪ್ಪಲಿ ಬಿಟ್ಟು ಒಳಕ್ಕೆ ಬಂದು ಮಾವನ ಎದುರು ಕೂತರು. ಸೆರಗಿನ ಗಂಟು ಬಿಚ್ಚಿ ಒಂದು ಬೆಲ್ಲದ ಉಂಡೆ ತೆಗೆದರು.

"ಸಾಮೇರೆ, ನಿಮ್ ದ್ಯಾವ್ರು ಬಾಗ್ಲಿಗ್ ಬಂದವ್ನೆ. ಅವ್ನ ಮೇಲಿರೋ ನನ್ ಸಾಮಾನು ತೆಗೆಯೋದಷ್ಟೇ ಬಾಕಿ. ಅವ್ನ್ ಎದುರ್ಗೇ ತಿಂದಂಗಾಯ್ತದೆ, ತಗಳಿ."

ಮಾವ ಬೆಲ್ಲವನ್ನೇ ನೋಡಿದರು. ನಾಲಗೆ ತೊದಲುತ್ತಿತ್ತು. "ಇದು... ಯಾತಕ್ಕೆ ಇಟ್ಟುಕೊಂಡದ್ದು ತಾಯಿ?"

"ಆಲುಕ್ಸಕ್ಕೆ. ಒಸ ಮನೇಲಿ ದ್ಯಾವ್ರ ಮುಂದ್ಕೆ ಮಡ್ಗಕ್ಕೆ."

"ಹಾಗಾದರೆ ಅದು ನೈವೇದ್ಯವೇ." ಅವರು ನಡುಗುವ ಕೈ ಚಾಚಿದರು. ನಲವತ್ತಾರು ವರ್ಷದ ನೇಮ ನಮ್ಮೆಲ್ಲರ ಕಣ್ಣೆದುರಿಗೆ ಒಂದು ಬೆಲ್ಲದ ಚೂರಿಗೆ ಮುರಿಯಿತು. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ನಾನು ಗ್ಲೂಕೋಸ್ ಲೋಟವನ್ನು ಅವರ ತುಟಿಗೆ ಹಿಡಿದೆ. ಈ ಸಲ ಕುಡಿದರು.

ಕಾಲು ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. ಶ್ರೀಕರ ತಲೆಗೆ ನೀರು ಸುರಿದುಕೊಂಡು ಒದ್ದೆಬಟ್ಟೆಯಲ್ಲೇ ಲಾರಿ ಹತ್ತಿ ಪೆಟ್ಟಿಗೆ ತಂದ. ಮಾವ ಅದರ ಪಂಚೆ ಬಿಚ್ಚಿ, ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ದೊಡ್ಡತಾಯಮ್ಮ ತಮ್ಮ ರಾಗಿ ಮೂಟೆಯ ಮೇಲೆ ಕೂತು ಅತ್ತೆ ಕೊಟ್ಟ ಕಾಫಿ ಕುಡಿಯುತ್ತಿದ್ದರು. ಆಗಲೇ ಹತ್ತೂಮುಕ್ಕಾಲು. ಕಿಕ್ಕೇರಿಯಲ್ಲಿ ಅವರ ಮಗಳು ಒಲೆ ಹೂಡಿಕೊಂಡು ಕಾಯುತ್ತಿದ್ದಾಳೆ, ಇನ್ನು ಒಳ್ಳೆಯ ಹೊತ್ತು ಬರುವುದು ಮುಂದಿನ ಬುಧವಾರಕ್ಕೆ, ಅಲ್ಲಿಯವರೆಗೆ ಒಲೆ ಹಚ್ಚುವಂತಿಲ್ಲ ಎಂದು ಫೋನಿನಲ್ಲಿ ಮಾತಾಡಿಕೊಂಡರು. ಅದರಲ್ಲಿ ದೂರು ಇರಲಿಲ್ಲ.

ಆಮೇಲೆ ನನ್ನತ್ತ ತಿರುಗಿದರು. "ಅಲ್ಲ ಕಣವ್ವ, ನಿಮ್ ಸಾಮಾನು ಈ ಲಾರೀಲಿ ಯಾಕಿತ್ತು? ಬರೋವಾಗ್ಲೇ ಅರ್ಧ ತುಂಬಿತ್ತು. ಕೇಳುದ್ರೆ ಡ್ರೈವ್ರು ಕಂಪ್ನಿ ಸಾಮಾನು ಅಂದ. ನಿಂಗೆಷ್ಟು ಏಳಿದ್ರು ಬಾಡ್ಗೆ?"

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸುಳ್ಳು ಹೇಳಬಹುದಿತ್ತು.

"ಏಳೂವರೆ ಸಾವಿರ. ಇನ್ನೊಬ್ಬರ ಜೊತೆ ಸೇರಿಸ್ತೀವಿ ಅಂತ ನನಗೆ ಹೇಳಿದ್ದರು. ಮನೇಲಿ ಯಾರಿಗೂ ನಾನು ಹೇಳಲಿಲ್ಲ."

ದೊಡ್ಡತಾಯಮ್ಮ ಲೋಟ ಕೆಳಗಿಟ್ಟರು. "ನನ್ ತಾವ ಅದ್ನಾರು ಸಾವ್ರ ಈಸ್ಕಂಡ್ರು. ಪೂರ್ತಿ ಲಾರಿ ನಿಮ್ದೇ ಅಮ್ಮ, ಬೇರೆಯೋರ್ದು ಒಂದ್ ಕಡ್ಡಿ ಆಕಾಕಿಲ್ಲ ಅಂದಿದ್ರು. ಕೊಟ್ಟಿಗೇಲಿದ್ದ ಕರ ಮಾರಿದ್ ದುಡ್ಡು."

ಅರ್ಧ ಗಂಟೆ ಜಗ್ಗಾಡಿ ನಾನು ಯಾರಿಂದ ಕಿತ್ತುಕೊಂಡಿದ್ದೆ ಎಂದು ಆಗ ಅರ್ಥವಾಯಿತು. ದಿಲೀಪನ ಜೇಬಿನಿಂದ ಒಂದು ರೂಪಾಯಿಯೂ ಹೋಗಿರಲಿಲ್ಲ. ನಾನು ಬೀದಿಯಲ್ಲಿ ಹೊಗಳಿಸಿಕೊಂಡಿದ್ದು ಈ ಹೆಂಗಸು ತೆತ್ತ ಬಾಡಿಗೆಯಲ್ಲಿ. ಇವತ್ತು ಅವರು ತಮ್ಮ ಒಳ್ಳೆಯ ಗಳಿಗೆಯನ್ನೂ ನಮಗಾಗಿಯೇ ಬಿಟ್ಟು ಬಂದಿದ್ದರು.

ಅತ್ತೆ ಬಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

"ನಾನು ಕೊಡ್ತೀನಮ್ಮ," ಎಂದೆ. "ಎರಡು ಮನೇದೂ ಸೇರಿಸಿ ಹದಿನಾರೇ ತಾನೆ, ಅರ್ಧ ನನ್ನದು. ಎಂಟು ಸಾವಿರ, ಈಗಲೇ..." ಫೋನು ತೆಗೆದೆ. ದುಡ್ಡು ಕಳಿಸಲು ಅವರ ನಂಬರು ಕೇಳಿದೆ.

ಅವರು ನನ್ನ ಮುಖವನ್ನು ನೋಡಿದರು. ಬೈಯುತ್ತಾರೇನೋ ಎಂದುಕೊಂಡೆ. ರಸ್ತೆಯಲ್ಲಿ ಬಿದ್ದಿದ್ದ ಅವರ ಮನೆಯನ್ನು ಒಮ್ಮೆ ನೋಡಿ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ಕೊಡೂವಂತೆ, ಬುಡಾಕಿಲ್ಲ ನಾನು. ಆ ಕಂಪ್ನಿಯೋನ್ನೂ ಬುಡಾಕಿಲ್ಲ. ಮೊದ್ಲು ಈ ಮಂಚದ ಆ ಕಡೆ ಇಡ್ಕ ಬಾ. ಉಡುಗ್ರು ಎಸ್ದುಬುಡ್ತವೆ, ನಮ್ಮೆಜಮಾನ್ರು ಮಲಗ್ತಿದ್ದ ಮಂಚ."

ಒಳಗೆ ಮಾವನ ಗಂಟೆ ಕೇಳಿಸುತ್ತಿತ್ತು. ನಾನು ಫೋನನ್ನು ಮೆಟ್ಟಿಲ ಮೇಲಿಟ್ಟು ಹೋಗಿ ಮಂಚದ ಕಾಲು ಹಿಡಿದೆ. ಅದಕ್ಕೆ ಪಟ್ಟಿಯ ಒಂದು ಚೀಟಿ ಅಂಟಿಸಿತ್ತು: ನಂಬರ್ ಮೂರು, ಹಳೇ ಮಂಚ, ಬೆಲೆ ಐನೂರು. ಎತ್ತಲು ನೋಡಿದೆ, ಅದು ನನ್ನ ಕೈಗೆ ಏಳಲಿಲ್ಲ. "ಇನ್ನೊಂದ್ಸಲ," ಎಂದರು ದೊಡ್ಡತಾಯಮ್ಮ.