ಘಾಟು

ಕಂಪ್ಯೂಟರ್ ಮತ್ತೆ ಟಪ್ಪನೆ ಆರಿಹೋದಾಗ ಕೌಸಲ್ಯಾಳಿಗೆ ಮೊದಲು ಆದದ್ದು ಸಂತೋಷ. ಅದು ಮುಖದ ಮೇಲೆ ಕಾಣದಿರಲೆಂದು ಹುರುಳಿಕಾಯಿಯ ನಾರು ತೆಗೆಯುತ್ತಾ ತಲೆ ತಗ್ಗಿಸಿದಳು. ಒಳಕೋಣೆಯಿಂದ ವಾರಗಿತ್ತಿ ಸಂಗೀತಾಳ ದನಿ ಕೇಳಿಸಿತು. "ಫ್ಲಾಪಿಗೂ ಹಾಕಿರ್ಲಿಲ್ಲ. ಇಡೀ ಪತ್ರಿಕೆ ಹೋತು."

ಮಾವ ವೀರಪ್ಪನವರದು ಮದರಾಸಿನ ಪ್ಯಾರೀಸ್ ಕಾರ್ನರಿನಲ್ಲಿ ಲಗ್ನಪತ್ರಿಕೆಯ ಅಂಗಡಿ. ಅದರ ಮೇಲೆಯೇ ಮನೆ. ಊರಿನ ಕನ್ನಡದವರ ಮನೆಗಳಲ್ಲಿ ಮದುವೆ ಗೊತ್ತಾದರೆ ಪತ್ರಿಕೆ ಅಚ್ಚಾಗುವುದು ಇಲ್ಲೇ. ಕಂಪ್ಯೂಟರ್ ಬರುವವರೆಗೆ ಕನ್ನಡ ಒಕ್ಕಣೆಯನ್ನು ಬರೆದುಕೊಡುತ್ತಿದ್ದವಳು ಕೌಸಲ್ಯಾ. ಮುತ್ತು ಪೋಣಿಸಿದಂಥ ಅಕ್ಷರ. ಅದನ್ನೇ ಬ್ಲಾಕ್ ಮಾಡಿಸಿ ಅಚ್ಚುಹಾಕುತ್ತಿದ್ದರು. "ನಮ್ಮ ದೊಡ್ಡ ಸೊಸೆ ಬರೆದದ್ದು" ಎಂದು ಮಾವ ಗಿರಾಕಿಗಳಿಗೆ ತೋರಿಸುತ್ತಿದ್ದರು. ದಾವಣಗೆರೆಯಿಂದ ಕಂಪ್ಯೂಟರ್ ಡಿಪ್ಲೊಮಾ ಸಮೇತ ಸಂಗೀತಾ ಬಂದಮೇಲೆ ತೋರಿಸುವುದೇನೂ ನಿಲ್ಲಲಿಲ್ಲ, ಸೊಸೆ ಮಾತ್ರ ಬದಲಾದಳು. ಹೊಟ್ಟೆಕಿಚ್ಚಿಗೆ ಇಷ್ಟು ಸಾಲದೆ?

ಹಾಗೆಂದು ಕೌಸಲ್ಯಾ ಕೇಡು ಬಯಸಿದವಳಲ್ಲ. ಕಾಫಿ ಕೊಡುವ ನೆಪದಲ್ಲಿ ಕೋಣೆಯ ಬಾಗಿಲಲ್ಲಿ ನಿಂತು, ಆ ಹುಡುಗಿಯ ಬೆರಳುಗಳು ಓಡುವುದನ್ನೂ ಗಾಜಿನ ಮೇಲೆ ಗುಂಡಗುಂಡಗೆ ಅಕ್ಷರ ಮೂಡುವುದನ್ನೂ ನೋಡುತ್ತಿದ್ದಳು. ನೋಡಿ, ಹೊಟ್ಟೆ ಉರಿಸಿಕೊಂಡು, ಖಾಲಿ ಲೋಟ ಹಿಡಿದು ವಾಪಸು ಬರುತ್ತಿದ್ದಳು.

"ಇದು ಬರೀ ಕರೆಂಟಿನ ಕಾಟ ಅಲ್ಲ ಕಣ್ರೇ. ದಿಷ್ಟಿ ತಾಕೈತೆ," ಎಂದರು ಅತ್ತೆ ಶಿವಗಂಗಮ್ಮ. ಮದರಾಸಿಗೆ ಬಂದು ಮೂವತ್ತು ವರ್ಷವಾದರೂ ಅವರ ಮಾತಿನಿಂದ ತಿಪಟೂರು ಹೋಗಿರಲಿಲ್ಲ. ಹೇಳುವಾಗ ಅವರು ಕೌಸಲ್ಯಾಳ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಅವಳಿಗೆ ಚುಚ್ಚಿತು. ಒಮ್ಮೆ ಕೆಟ್ಟ ಕಣ್ಣಿನವಳೆಂದು ಹೆಸರು ಬಿತ್ತೋ, ನಾಳೆ ನಾಮಕರಣಕ್ಕೂ ಸೀಮಂತಕ್ಕೂ ಅವಳನ್ನು ಕರೆಯುವ ಮೊದಲು ಜನ ಯೋಚಿಸುತ್ತಾರೆ.

"ಅಕ್ಕಾ, ಸ್ವಲ್ಪ ಟಾರ್ಚ್ ಹಿಡೀರಿ," ಎಂದು ಸಂಗೀತಾ ಕರೆದಾಗ ಅವಳು ಎದ್ದು ಓಡಿದಳು. ಆ ಪೆಟ್ಟಿಗೆಯೊಳಗೆ ಏನಾದರೂ ಕೆಟ್ಟಿರಲಿ, ಮುರಿದಿರಲಿ, ಸುಟ್ಟಿರಲಿ. ಒಟ್ಟಿನಲ್ಲಿ ಕಾರಣ ಅಲ್ಲೇ ಸಿಗಲಿ ಎಂದು ಅವಳು ಶಿವನಿಗೆ ಮೊರೆಯಿಟ್ಟಳು.

ಸಂಗೀತಾ ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿದಳು. ವೈರು ಬದಲಿಸಿದಳು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಮೆಮೊರಿಯ ಪಟ್ಟಿ ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಪ್ರತಿ ಸಲವೂ ಯಂತ್ರ ಎದ್ದಿತು, ಪ್ರತಿ ಸಲವೂ ಮೊದಲಿಗಿಂತ ಬೇಗ ಸತ್ತಿತು. "ತಣ್ಣಗಾದ್ರ ಏಳ್ತತಿ, ಬಿಸಿಯಾದ್ರ ಆರ್ತತಿ," ಎಂದು ತನಗೆ ತಾನೇ ಹೇಳಿಕೊಂಡು ಸ್ವಿಚ್ ಒತ್ತಿದಳು. ಕೌಸಲ್ಯಾ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದಳು. ಒಳಗೆ ಚಿಪ್ ತಣ್ಣಗಿಡುವ ಪುಟ್ಟ ಫ್ಯಾನು ತಿರುಗಲಾರದೆ ಅದುರುತ್ತಿತ್ತು. ಅದರ ನಡುವಿಗೆ ಕರಿದಾರ ಸುತ್ತಿಕೊಂಡಿತ್ತು.

ಇಬ್ಬರಿಗೂ ಅದು ಒಟ್ಟಿಗೇ ಕಂಡಿತು. ಸಂಗೀತಾ ಪ್ಲಗ್ಗು ಕಿತ್ತು, ಹುಬ್ಬಿನ ಚಿಮಟದಿಂದ ದಾರವನ್ನು ಬಿಡಿಸಿ ತೆಗೆದಳು. ವಿಭೂತಿ ಮೆತ್ತಿದ ಗಂಟು ಇನ್ನೂ ಹಾಗೇ ಇತ್ತು.

"ಯಾರು ಕಟ್ಟಿದ್ದು?" ಕೌಸಲ್ಯಾ ಕೇಳಿದಳು.

"ನಾನ, ಅಕ್ಕಾ. ಮ್ಯಾಲೆ ಕಟ್ಟಿದ್ರ ಕಾಣ್ತತಿ ಅಂತ ಒಳಗ ಕಟ್ಟಿದ್ದೆ. ಸಡ್ಲಾಗಿ ಬಿದ್ದತಿ."

"ಯಾರಿಗೆ ಕಾಣುತ್ತೆ ಅಂತ?"

ಸಂಗೀತಾ ಕುತ್ತಿಗೆಯ ಬೆವರು ಒರೆಸಿಕೊಂಡಳು. ಡಿಪ್ಲೊಮಾ ಓದಿದವಳೂ ತನ್ನ ಕಣ್ಣಿಗೆ ಹೆದರಿದಳಲ್ಲ ಎಂದು ಕೌಸಲ್ಯಾಳಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ಮರುಗಳಿಗೆ ಅಳು ಬಂತು.

"ಏನಂತೆ ಅದಕ್ಕೆ?" ಹೊರಗಿನಿಂದ ಅತ್ತೆ ಕೂಗಿದರು.

ದಾರ ತೋರಿಸಿದರೆ ಕೌಸಲ್ಯಾಳ ಕಣ್ಣಿನ ತಪ್ಪಿಲ್ಲವೆಂದು ಆಗಿಹೋಗುತ್ತಿತ್ತು. ಆದರೆ ಯಾರ ಕಣ್ಣಿಗೆ ಹೆದರಿ ಕಟ್ಟಿದ್ದು ಎಂದು ಮನೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಾಗುತ್ತದೆ.

"ಧೂಳು, ಅತ್ತೆ," ಎಂದು ಕೌಸಲ್ಯಾ ದಾರವನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸುಮ್ಮಾ ಧೂಳಿಗೆ ಇಷ್ಟು ಆಟ ಆಡ್ತೈತಾ? ನಿವಾಳಿಸಿಬಿಡೋಣ, ತಾಳು." ಶಿವಗಂಗಮ್ಮ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು ಕಂಪ್ಯೂಟರಿಗೆ ಸುತ್ತಿದರು. ಆಮೇಲೆ ಅದನ್ನು ಕೌಸಲ್ಯಾಳ ಕೈಗೇ ಕೊಟ್ಟರು. "ಹೋಗಿ ಸುಡು. ಘಾಟು ಬಂದ್ರೆ ಏನೂ ಇಲ್ಲ. ಬರ್ದಿದ್ರೆ ದಿಷ್ಟಿನೇ."

ಗ್ಯಾಸಿನ ಮೇಲೆ ಕಾವಲಿಯಿಟ್ಟು ಕೌಸಲ್ಯಾ ಕಾದಳು. ಉಪ್ಪು ಚಟಪಟ ಸಿಡಿಯಿತು. ಸಮುದ್ರದ ಗಾಳಿಗೆ ಮೆತ್ತಗಾಗಿದ್ದ ಮೆಣಸಿನಕಾಯಿ ನಿಧಾನವಾಗಿ ಕಪ್ಪಗಾಯಿತು, ತೆಳ್ಳಗೆ ಹೊಗೆಯೂ ಎದ್ದಿತು. ಅವಳು ಬಗ್ಗಿ ಮೂಸಿದಳು. ಗಂಟಲಿಗೆ ಏನೂ ತಾಗಲಿಲ್ಲ. ಅತ್ತೆ ಅಡುಗೆಮನೆಯ ಹೊಸಿಲ ಮೇಲೆ ನಿಂತಿದ್ದರು.

"ಘಾಟೇ ಇಲ್ವಲ್ಲ," ಎಂದರು.

ಕೌಸಲ್ಯಾ ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು. ಒಣ ಕೆಮ್ಮು, ಅವಳ ಕಿವಿಗೇ ಅದು ಸುಳ್ಳೆನಿಸಿತು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು.

ಒಳಕೋಣೆಯಲ್ಲಿ ಮತ್ತೆ ಶುರುವಾಗಿದ್ದ ಕೀಲಿಮಣೆಯ ಸದ್ದು ನಿಂತಿತು. ಆಮೇಲೆ ಸಂಗೀತಾ ಕೆಮ್ಮಿದಳು. ಒಮ್ಮೆ ಸಣ್ಣಗೆ, ಮತ್ತೊಮ್ಮೆ ಕೆಳಗೆ ಅಂಗಡಿಯವರೆಗೂ ಕೇಳಿಸುವಂತೆ.