ಶನಿವಾರ ರಾತ್ರಿ ಅಲ್ಲೇ ಮಲಗಬೇಕು

ನನ್ನ ಅಕ್ಕ ಕುಲ್ಯಾಷ್ ವಿಮಾನದಲ್ಲಿ ಎಷ್ಟು ಓಡಾಡುತ್ತಾಳೆಂದರೆ, ಅಲ್ಮಾಟಿಯ ನಮ್ಮ ಬೀದಿಯ ನಾಯಿ ಅವಳನ್ನು ಕಂಡರೆ ಬೊಗಳುತ್ತದೆ, ವಿಮಾನ ನಿಲ್ದಾಣದ ನಾಯಿ ಬಾಲ ಅಲ್ಲಾಡಿಸುತ್ತದೆ. ಸಿಯೋಲ್‌ನ ಬಟ್ಟೆ ಸಂತೆಯಿಂದ ಮಕ್ಕಳ ಉಡುಪು ತಂದು ಇಲ್ಲಿನ ಬಜಾರಿನಲ್ಲಿ ಮಾರುವುದು ಅವಳ ಕಸುಬು. ಜೊತೆಗೆ ಹೋಗಿ ಗಂಟು ಹೊರುವುದು ನನ್ನ ಕಸುಬು. ವಿಮಾನ ಕಂಪನಿಯವರು ಅವಳಿಗೊಂದು ಚಿನ್ನದ ಬಣ್ಣದ ಕಾರ್ಡ್ ಕೊಟ್ಟಿದ್ದಾರೆ. ಅದನ್ನು ತೋರಿಸಿದರೆ ಮೆತ್ತನೆಯ ಕುರ್ಚಿಗಳ ಕೋಣೆಯೊಳಗೆ ಬಿಡುತ್ತಾರೆ. ಅಕ್ಕ ಅಲ್ಲಿ ಕೂತಳೆಂದರೆ ಬಿಸ್ಕತ್ತಿನ ತಟ್ಟೆ ತಾನಾಗಿಯೇ ಖಾಲಿಯಾಗುತ್ತದೆ, ಅವಳ ಕೈಚೀಲ ತಾನಾಗಿಯೇ ತುಂಬುತ್ತದೆ. ಎರಡಕ್ಕೂ ಸಂಬಂಧವಿದೆಯೆಂದು ಇವತ್ತಿನವರೆಗೂ ಯಾರೂ ಸಾಬೀತು ಮಾಡಿಲ್ಲ.

ಈ ಅಕ್ಕನ ಮೊಮ್ಮಗ ಎರ್ತಾಯ್ ಹೆಜ್ಜೆ ಇಡಲು ಶುರು ಮಾಡಿದ. ಹೆಜ್ಜೆ ಇಟ್ಟ ಮಗುವಿನ ಕಾಲೆರಡಕ್ಕೂ ಕಪ್ಪು-ಬಿಳಿ ದಾರ ಸೇರಿಸಿ ಕಟ್ಟಿ, ನೆಂಟರೆಲ್ಲರ ಎದುರು ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ಓಡಿಸಬೇಕು. ಕತ್ತರಿಸಿದವರ ಕಾಲ್ಗುಣ ಮಗುವಿಗೆ ಬರುತ್ತದೆ. ಆದ್ದರಿಂದ ಯಾರು ಕತ್ತರಿಸಬೇಕು ಎನ್ನುವುದರ ಮೇಲೆ ನಮ್ಮಲ್ಲಿ ಮನೆಗಳು ಒಡೆದುಹೋಗಿವೆ. ನನ್ನ ಕಾಲಿನ ದಾರ ಕತ್ತರಿಸಿದ ಚಿಕ್ಕಪ್ಪ ಬದುಕಿಡೀ ಒಲೆಯ ಪಕ್ಕದಿಂದ ಎದ್ದವನಲ್ಲ. ನನ್ನನ್ನು ಬೈಯುವವರು ಮೊದಲು ಅವನನ್ನು ಬೈಯಲಿ.

ಹಿರಿಯರೆಲ್ಲ ಕೂತು, ದೂರ ಹೋಗುವ ಕಾಲು ಕುಲ್ಯಾಷಳದೇ, ಅವಳೇ ಕತ್ತರಿಸಲಿ ಎಂದರು. ಸೊಸೆಯ ತಾಯಿ ಬಾತಿಮಾಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಬಾತಿಮಾ ಅತಿ ದೂರ ಹೋದದ್ದೆಂದರೆ ಊರಾಚೆಯ ತನ್ನ ಸೇಬಿನ ತೋಟಕ್ಕೆ. ಅಲ್ಲಿಂದಲೂ ಊಟದ ಹೊತ್ತಿಗೆ ವಾಪಸ್.

"ಮನೇಲಿ ಕಾಲು ನಿಲ್ದೇ ಇರೋರು ಕತ್ತರಿಸಿದ್ರೆ ಮಗೂನೂ ಮನೇಲಿ ನಿಲ್ಲಲ್ಲ. ನಾಳೆ ಎಲ್ಲೋ ಹೊರಟುಹೋಗ್ತಾನೆ, ಮುಖ ನೋಡಕ್ಕೂ ಸಿಗಲ್ಲ," ಎಂದು ಅವಳು ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಸೆರಗಲ್ಲ, ತಲೆಗೆ ಕಟ್ಟಿದ ವಸ್ತ್ರದ ತುದಿ. ಒರೆಸಿಕೊಂಡದ್ದು ನಿಜ.

ಸಮಾರಂಭ ಮುಂದಿನ ವಾರಕ್ಕೆ ಗೊತ್ತಾಗಿತ್ತು. ಅಷ್ಟರಲ್ಲಿ ಒಂದು ಸುತ್ತು ಸರಕು ತಂದುಬಿಡೋಣವೆಂದು ನಾನೂ ಅಕ್ಕನೂ ಸಿಯೋಲ್‌ಗೆ ಹಾರಿದೆವು. ಗುರುವಾರ ಸಂತೆಯ ನಡುವೆ ಬಾತಿಮಾಳ ಫೋನು ಬಂತು. ಪರದೆಯ ಮೇಲೆ ಅವಳ ಮುಖ ಹಬ್ಬದ ರೊಟ್ಟಿಯ ಹಾಗೆ ಉಬ್ಬಿತ್ತು.

"ಬೀಗಿತ್ತಿ, ಒಂದು ಸಣ್ಣ ವಿಷಯ. ಹೋಟೆಲಿನವರು ಮುಂದಿನ ವಾರ ಜಾಗ ಇಲ್ಲ ಅಂದ್ರು. ಈ ಶನಿವಾರ ಮಧ್ಯಾಹ್ನಕ್ಕೇ ಇಟ್ಕೊಂಡ್ವಿ."

"ಈ ಶನಿವಾರಾನಾ? ನಾನು ಸಿಯೋಲ್‌ನಲ್ಲಿದೀನಿ ಕಣ್ರೀ!"

"ಅಯ್ಯೋ ಹೌದಲ್ಲ, ಮರ್ತೇಹೋಗಿತ್ತು ನೋಡಿ. ಅದಕ್ಕೇನಂತೆ, ಬನ್ನಿ. ವಿಮಾನ ನಿಮಗೇನು ಹೊಸದಾ?"

"ನನ್ನ ಟಿಕೆಟ್ಟು ಭಾನುವಾರಕ್ಕೆ ಮುಂಚೆ ಬಿಡಲ್ಲ."

"ಬಿಡಲ್ವಾ?" ಬಾತಿಮಾ ಕೆನ್ನೆಗೆ ಕೈಯಿಟ್ಟುಕೊಂಡಳು. "ನಿಮ್ಮ ಕಾಲನ್ನೇ ಯಾರೋ ಕಟ್ಟಿಹಾಕಿದಾರೆ ಅಂದ್ಮೇಲೆ ಮಗು ಕಾಲಿನ ದಾರ ನೀವು ಹೆಂಗೆ ಕತ್ತರಿಸ್ತೀರಾ? ಇರ್ಲಿ, ಯೋಚನೆ ಮಾಡ್ಬೇಡಿ. ನಾನಿದೀನಲ್ಲ."

ಅಕ್ಕ ಫೋನನ್ನು ಜೇಬಿಗೆ ಹಾಕಿದಳು. ಪಕ್ಕದ ಅಂಗಡಿಯಾತ ತಾನಾಗಿಯೇ ಬೆಲೆ ಇಳಿಸಿದ. ಅವಳ ಮುಖ ಹಾಗಿತ್ತು.

ಅಲ್ಲಿಂದ ನೆಟ್ಟಗೆ ಹೆಗಾಯ್‌ನ ಟಿಕೆಟ್ ಅಂಗಡಿಗೆ ಹೋದೆವು. ಹೆಗಾಯ್ ತಾಷ್ಕೆಂಟಿನಲ್ಲಿ ಹುಟ್ಟಿದ ಕೊರಿಯಾದವನು. ನಮ್ಮ ಕಡೆಯ ವ್ಯಾಪಾರಿಗಳಿಗೆಲ್ಲ ಟಿಕೆಟ್ ಮಾಡಿಕೊಡುವವನು ಅವನೇ.

"ಅಕ್ಕಾ, ಆಗಲ್ಲ," ಎಂದ ಅವನು ಕಂಪ್ಯೂಟರ್ ನೋಡಿ. "ನಿಮ್ಮದು ಅಗ್ಗದ ಟಿಕೆಟ್ಟು. ಶನಿವಾರ ರಾತ್ರಿ ಇಲ್ಲೇ ಮಲಗಬೇಕು ಅಂತ ಷರತ್ತು. ಬೇಕಾದ್ರೆ ಮುಂದಕ್ಕೆ ಹಾಕ್ತೀನಿ, ಹಿಂದಕ್ಕೆ ಆಗಲ್ಲ."

"ನಾನು ಎಲ್ಲಿ ಮಲಗಿದ್ರೆ ಅವರಿಗೇನೋ?"

"ಶನಿವಾರ ರಾತ್ರಿ ಪರದೇಶದಲ್ಲಿ ಮಲಗೋನು ಊರು ನೋಡಕ್ಕೆ ಬಂದೋನು, ಪಾಪ ಅವನಿಗೆ ಅಗ್ಗಕ್ಕೆ ಕೊಡೋಣ. ಕೆಲಸ ಮುಗಿಸಿ ಶುಕ್ರವಾರವೇ ಮನೆಗೆ ಓಡೋನು ವ್ಯಾಪಾರದೋನು, ಅವನ ಹತ್ರ ಕೀಳೋಣ. ಅಷ್ಟೇ ಲೆಕ್ಕ."

"ನನ್ನ ಚಿನ್ನದ ಕಾರ್ಡು?"

"ಅದಕ್ಕೆ ಎರಡನೇ ಲೋಟ ಕಾಫಿ ಸಿಗುತ್ತೆ. ಶನಿವಾರ ಸಿಗಲ್ಲ."

"ಒಂದು ಕಡೆಯದು ಮಾತ್ರ ಹೊಸದಾಗಿ ಕೊಡು."

ಹೆಗಾಯ್ ಬೆಲೆ ಹೇಳಿದ. ಮರಿ ಇರುವ ಹೆಣ್ಣುಕುದುರೆ ಬರುವಷ್ಟು. ಹೋಗಿಬರುವುದಕ್ಕಿಂತ ಬರೀ ಹೋಗುವುದಕ್ಕೆ ಹೆಚ್ಚು ದುಡ್ಡು ಕೀಳುವ ಸವಾರಿ ಭೂಮಿಯ ಮೇಲೆ ಇದೊಂದೇ. ನಾನು ಗಂಟಿನ ಮೇಲೆ ಕೂತು, "ಹೋಗ್ಲಿ ಬಿಡಕ್ಕಾ, ಹುಡುಗ ಮನೇಲೇ ಇರ್ತಾನೆ, ಒಲೆ ಪಕ್ಕ ಬೆಚ್ಚಗಿರುತ್ತೆ," ಎಂದೆ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೊಮ್ಮಗನ ಇಡೀ ಭವಿಷ್ಯ ಗಂಟಿನ ಮೇಲೆ ಕೂತು ಆಕಳಿಸಿದ ಹಾಗೆ ಅವಳಿಗೆ ಕಂಡಿರಬೇಕು. ತಕ್ಷಣ ಹೆಗಾಯ್ ಕಡೆ ತಿರುಗಿದಳು.

"ಲೋ, ಇಲ್ಲಿಂದ ಹೊರಟು ಅಲ್ಮಾಟಿಗೆ ಹೋಗಿ ಬರ್ತಾರಲ್ಲ, ಅವರಿಗೂ ಅಗ್ಗದ ಟಿಕೆಟ್ ಇದೆಯಾ?"

"ಇದೆ."

"ಅವರಿಗೂ ಇದೇ ಕಾಟಾನಾ?"

"ಇದೇ. ಶನಿವಾರ ರಾತ್ರಿ ಅಲ್ಮಾಟಿಯಲ್ಲೇ ಮಲಗಬೇಕು."

"ಅಲ್ಲೇ ಮಲಗಲೇಬೇಕಾ?"

"ಮಲಗಲೇಬೇಕು ಅಕ್ಕಾ, ನಾನೇನೂ ಮಾಡಕ್ಕಾಗ..." ಹೆಗಾಯ್‌ನ ಬಾಯಿ ಅರ್ಧಕ್ಕೇ ನಿಂತಿತು. ನಿಧಾನಕ್ಕೆ ಎದ್ದು ನಿಂತು ಅಕ್ಕನಿಗೆ ತಲೆಬಾಗಿದ.

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಕಾರಣ ಚಿಕ್ಕಪ್ಪ. ಅಕ್ಕ ಮಾಡಿದ್ದಿಷ್ಟು: ಬೇರೊಂದು ಕಂಪನಿಯಲ್ಲಿ, ಇಬ್ಬರಿಗೂ ಸಿಯೋಲ್‌ನಿಂದ ಅಲ್ಮಾಟಿಗೆ ಹೋಗಿಬರುವ ಅಗ್ಗದ ಟಿಕೆಟ್ ಕೊಂಡಳು. ಅದರಲ್ಲಿ ಶನಿವಾರವೇ ಮನೆ. ಮುಂದಿನ ತಿಂಗಳು ಸರಕಿಗೆ ಬರುವಾಗ ಅದೇ ಟಿಕೆಟ್ಟಿನ ಉಳಿದ ಅರ್ಧದಲ್ಲಿ ಬಂದು, ಹಳೆಯ ಟಿಕೆಟ್ಟಿನ ಉಳಿದ ಅರ್ಧವನ್ನು ಮುಂದಕ್ಕೆ ಹಾಕಿಸಿಕೊಂಡು ಅದರಲ್ಲಿ ವಾಪಸ್. ಯಾವ ಷರತ್ತೂ ಮುರಿಯಲಿಲ್ಲ, ಯಾವ ಅರ್ಧವೂ ಹಾಳಾಗಲಿಲ್ಲ. ಗಂಟುಗಳನ್ನು ಹೆಗಾಯ್‌ನ ಅಂಗಡಿಯಲ್ಲೇ ಬಿಟ್ಟೆವು. ಅಕ್ಕ ಖಾಲಿ ಕೈಯಲ್ಲಿ ವಿಮಾನ ಹತ್ತಿದ್ದು ಅದೇ ಮೊದಲು. ಅವಳ ಕೈಗಳಿಗೆ ಏನು ಮಾಡಬೇಕೆಂದು ತೋಚದೆ ದಾರಿಯುದ್ದಕ್ಕೂ ನನ್ನ ಕಿವಿ ಹಿಂಡುತ್ತಿದ್ದವು.

ಸ್ವಲ್ಪ ಬೇಗ ಬಿಡುವಂತೆ ಚಾಲಕನಿಗೆ ಹೇಳಿಕಳಿಸಿದಳು. ಗಗನಸಖಿ ನಗುತ್ತಾ ಹೋಗಿ ಬಂದಳು. ವಿಮಾನ ಹೊತ್ತಿಗೆ ಮುಂಚೆ ಇಳಿಯಿತು. ಗಾಳಿ ಎದುರಿಗಿತ್ತಂತೆ, ಆದರೂ. ಇರಬಹುದು, ಗಾಳಿಗೂ ಅಕ್ಕನ ಪರಿಚಯವಿದೆ.

ನಾವು ಹೋಟೆಲಿನ ಬಾಗಿಲು ತಳ್ಳಿದಾಗ ಬಿಳಿ ಬಟ್ಟೆ ಹಾಸಿಯಾಗಿತ್ತು. ಎರ್ತಾಯ್ ಕಸೂತಿಯ ಅಂಗಿ ತೊಟ್ಟು, ಕಾಲಿಗೆ ದಾರ ಕಟ್ಟಿಸಿಕೊಂಡು, ಬಾರದ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ಬಾತಿಮಾ ಚಾಕು ಹಿಡಿದು ಬಗ್ಗಿದ್ದಳು.

"ನಿಲ್ಲಿ ಬೀಗಿತ್ತಿ!"

ಬಾತಿಮಾ ಬಗ್ಗಿದಲ್ಲೇ ತಿರುಗಿ ನೋಡಿದಳು. "ಬಂದ್ರಾ? ಟಿಕೆಟ್ಟು ಬಿಡಲ್ಲ ಅಂದಿದ್ರಿ."

"ಅದು ಬಿಡಲಿಲ್ಲ. ಇನ್ನೊಂದು ಕೈ ಹಿಡಿದು ಕರ್ಕೊಂಡು ಬಂತು."

"ಪಾಪ, ಈಗಲೇ ವಾಪಸ್ ಓಡಬೇಕೇನೋ?"

"ಓಡೋ ಹಾಗೇ ಇಲ್ಲ. ಇವತ್ತು ರಾತ್ರಿ ನಾನು ಇದೇ ಊರಲ್ಲಿ ಮಲಗಬೇಕು ಅಂತ ಕಾಯ್ದೆ. ವಿಮಾನದೋರೇ ಬರೆದುಕೊಟ್ಟಿದಾರೆ. ಸರೀರಿ ಆಚೆ."

ಜನ ಹೋ ಎಂದರು. ಆದರೆ ಬಾತಿಮಾ ಸುಮ್ಮನೆ ಸರಿಯುವವಳಲ್ಲ. ನೆಟ್ಟಗಾಗಿ ಚಾಕುವನ್ನು ತನ್ನ ಒರೆಗೆ ಸೇರಿಸಿದಳು.

"ಆಗಲಿ. ಕತ್ತರಿಸೋರು ಅವರವರ ಚಾಕು ಅವರೇ ತರಬೇಕು, ಸಾಲದ ಚಾಕೂಲಿ ಸಾಲದ ಗುಣ ಬರುತ್ತೆ. ನಿಮ್ಮ ಚಾಕು ಎಲ್ಲಿ?"

ಅಕ್ಕನ ಚಾಕು ನಗರದ ಇನ್ನೊಂದು ತುದಿಯಲ್ಲಿ, ಮನೆಯ ಪೆಟ್ಟಿಗೆಯಲ್ಲಿತ್ತು. ಚಾಕು ಇಟ್ಟುಕೊಂಡು ವಿಮಾನದೊಳಗೆ ಹೋಗಲು ಚಿನ್ನದ ಕಾರ್ಡಿದ್ದರೂ ಬಿಡುವುದಿಲ್ಲ. ಅಡುಗೆಮನೆಯಿಂದ ಕುದುರೆ ಮಾಂಸ ಬೆಂದ ವಾಸನೆ ಬರುತ್ತಿತ್ತು, ಚಾಕು ತರುವವರೆಗೆ ಕಾಯಲು ನೆಂಟರು ತಯಾರಿರಲಿಲ್ಲ. ಬಾತಿಮಾ ಮತ್ತೆ ಒರೆಗೆ ಕೈಹಾಕಿದಳು.

ಅಕ್ಕ ಮಂಡಿಯೂರಿದಳು, ಎರಡೂ ಅಂಗೈ ನೆಲಕ್ಕೆ ಊರಿದಳು, ಬಗ್ಗಿ ಮಗುವಿನ ಕಾಲಿನ ನಡುವಿನ ದಾರಕ್ಕೆ ಬಾಯಿ ಹಾಕಿದಳು. ಅಂಗಿಯ ಹೊಲಿಗೆ ಗಟ್ಟಿಯೋ ಪೊಳ್ಳೋ ಎಂದು ದಿನವಿಡೀ ಹಲ್ಲಲ್ಲೇ ನೋಡುವವಳು. ಟಕ್ಕೆಂದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು.

"ಇದು ನಡೆಯಲ್ಲ!" ಎಂದು ಬಾತಿಮಾ ಕೂಗಿದಳು.

ಮೂಲೆಯಲ್ಲಿದ್ದ ಬಿಳಿಗಡ್ಡದ ಹಿರಿಯರು ಚಹಾದ ಬಟ್ಟಲು ಕೆಳಗಿಟ್ಟರು. "ಹಲ್ಲು ಯಾರದಮ್ಮಾ?"

"ಅವರದೇ."

"ಸಾಲ ತಂದಿದ್ದಲ್ಲ ತಾನೇ? ನಡೆಯುತ್ತೆ."

ಅಷ್ಟರಲ್ಲಿ ಎರ್ತಾಯ್ ಓಡಿದ್ದ. ಬಿಳಿ ಬಟ್ಟೆ ಮುಗಿದರೂ ನಿಲ್ಲಲಿಲ್ಲ. ಮೇಜುಗಳ ಕೆಳಗೆ ನುಗ್ಗಿ, ಬಾಗಿಲು ದಾಟಿ, ಹೊರಗಿನ ಕಾರುಗಳ ನಡುವೆ ಮಾಯವಾದ. ಅವನ ಅಪ್ಪ ಓಡಿದ, ಹಾಡುಗಾರ ಓಡಿದ, ನಿರೂಪಕ ಮೈಕಿನಲ್ಲಿ "ಎಡಕ್ಕೆ, ಎಡಕ್ಕೆ!" ಎನ್ನುತ್ತಾ ಓಡಿದ. ನಿನ್ನೆಯವರೆಗೆ ಗೋಡೆ ಹಿಡಿಯದೆ ನಿಲ್ಲದ ಮಗು.

"ಹೋದ!" ಬಾತಿಮಾ ಬಿಳಿ ಬಟ್ಟೆಯ ತುದಿಯಲ್ಲಿ ಕೂತುಬಿಟ್ಟಳು. "ಹೇಳಲಿಲ್ವಾ ನಾನು? ಹೊರಟೇಹೋದ!"

ಅಕ್ಕ ಮಂಡಿಯ ಮೇಲೆಯೇ ಇದ್ದಳು. ಬಾಯಲ್ಲಿ ಕಪ್ಪು-ಬಿಳಿ ದಾರ. ಕೈ ಎತ್ತಿ, ಸ್ವಲ್ಪ ಇರಿ ಎಂಬಂತೆ ಸನ್ನೆ ಮಾಡಿದಳು.

ಕಾರಂಜಿಗೆ ಒಂದು ಸುತ್ತು ಹಾಕಿ, ಹಿಂದೆ ಬಿದ್ದವರನ್ನೆಲ್ಲ ಹಿಂದೆಯೇ ಬಿಟ್ಟು, ಎರ್ತಾಯ್ ಅದೇ ಬಾಗಿಲಿನಿಂದ ಒಳಗೆ ಬಂದ. ಅದೇ ಬಿಳಿ ಬಟ್ಟೆಯ ಮೇಲೆ ಓಡಿಬಂದು ಬಾತಿಮಾಳ ಮಡಿಲಿಗೆ ಧುಮುಕಿದ.

ಅಕ್ಕ ದಾರವನ್ನು ಉಗುಳಿದಳು.

"ನೋಡಿದ್ರಾ ಬೀಗಿತ್ತಿ? ನನ್ನ ಕಾಲ್ಗುಣ ಬರೀ ಹೋಗೋದಲ್ಲ. ಹೋಗಿ ಬರೋದು."

ಬಾತಿಮಾ ಮಗುವಿನ ಬೆವರಿನ ನೆತ್ತಿಗೆ ಮೂಗು ಒತ್ತಿದಳು. ಆಮೇಲೆ ಎದ್ದು, ಶುಭಕ್ಕೆಂದು ಚೆಲ್ಲುವ ಮಿಠಾಯಿಯ ತಟ್ಟೆ ಎತ್ತಿಕೊಂಡು, ಬಾಚಿ ಬಾಚಿ ಅಕ್ಕನ ತಲೆಯ ಮೇಲೆ ಎರಚಿದಳು. ಸ್ವಲ್ಪ ಜೋರಾಗಿಯೇ ಎರಚಿದಳು. ಅಕ್ಕ ಒಂದನ್ನೂ ನೆಲಕ್ಕೆ ಬೀಳಲು ಬಿಡಲಿಲ್ಲ.